ಚಿನ್ನದ ಬಣ್ಣದ ಕೂಸು

ಮನೆಯಲ್ಲಿ ಮಗು ಹುಟ್ಟಿದರೆ ಸಾಕು, ಫೋನಿಗೆ ಪುರುಸೊತ್ತಿಲ್ಲ. ಮಗು ಆಕಳಿಸಿದರೆ ಒಂದು ಫೋಟೋ, ಸೀನಿದರೆ ಒಂದು ಫೋಟೋ. ತೆಗೆದದ್ದು ಚಂದ ಬಂದಿಲ್ಲ ಎಂಬ ಗೋಳು ಬೇರೆ. ನಿಮ್ಮ ಮನೆಯಲ್ಲೂ ಹೀಗೇ ತಾನೇ? ಹಾಗಾದರೆ ಈ ಅತ್ತೆ ಮತ್ತು ಇಬ್ಬರು ಸೊಸೆಯರ ಕಥೆ ಕೇಳಿ. ನಗು ಬಂದರೆ ನಗಿ, ಆದರೆ ಮಧ್ಯದಲ್ಲಿ ಎದ್ದು ಹೋಗಬೇಡಿ.

ಹಿರಿಸೊಸೆಗೆ ಫೋಟೋ ಸ್ಟುಡಿಯೋದಲ್ಲಿ ಕೆಲಸ. ಯಜಮಾನರು ಫೋಟೋ ತೆಗೆಯುತ್ತಾರೆ, ಇವಳು ಕಂಪ್ಯೂಟರ್ ಮುಂದೆ ಕೂತು ತಿದ್ದುತ್ತಾಳೆ. ಮೊಡವೆ ಅಳಿಸುತ್ತಾಳೆ, ಬೋಳುತಲೆಗೆ ಕೂದಲು ತುಂಬುತ್ತಾಳೆ, ಜಗಳವಾಡಿಕೊಂಡು ಬಂದು ಆರಡಿ ದೂರ ನಿಂತ ಗಂಡಹೆಂಡತಿಯನ್ನು ಹತ್ತಿರ ಸರಿಸುತ್ತಾಳೆ. ಕಾಂಪೌಂಡ್ ಗೋಡೆಯ ಮುಂದೆ ನಿಂತವರನ್ನು ಎರಡು ನಿಮಿಷದಲ್ಲಿ ಸಮುದ್ರದ ದಂಡೆಗೆ ಕರೆದೊಯ್ಯುತ್ತಾಳೆ. "ನಿನ್ನ ಕೈಗೆ ಸಿಕ್ಕರೆ ಕತ್ತೇನೂ ಕುದುರೆ ಆಗುತ್ತಮ್ಮ" ಎಂದು ಯಜಮಾನರು ಹೇಳುವುದುಂಟು. ಕೈ ಒಳ್ಳೆಯದು, ಮನಸ್ಸೂ ಕೆಟ್ಟದ್ದಲ್ಲ. ಇದ್ದದ್ದು ಒಂದೇ ಕಾಯಿಲೆ, ಹೊಟ್ಟೆಕಿಚ್ಚು. ಅದೂ ಊರವರ ಮೇಲಲ್ಲ, ಓರಗಿತ್ತಿಯ ಮೇಲೆ.

ಯಾಕೆ ಅಂತೀರಾ? ಆರು ವರ್ಷದ ಹಿಂದೆ ಹಿರಿಸೊಸೆಗೆ ಮಗಳು ಹುಟ್ಟಿದಾಗ ಅತ್ತೆ ತೊಟ್ಟಿಲೊಳಗೆ ಬಗ್ಗಿ ನೋಡಿ, "ಅಯ್ಯೋ, ಇದೇನಿದು ಕಾಡಿಗೆ ಡಬ್ಬಿ!" ಎಂದಿದ್ದರು. ಪ್ರೀತಿಗೇ ಅಂದಿರಬಹುದು. ಆದರೆ ಆ ಹೆಸರು ಹಾಗೇ ಅಂಟಿಕೊಂಡಿತು. ಮಗುವಿನ ಒಂದು ಫೋಟೋ ತೆಗೆಸಿ ಗೋಡೆಗೆ ಹಾಕೋಣ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಈಗ ಕಿರಿಸೊಸೆಗೆ ಹೆರಿಗೆಯಾಗಿದೆ. ಅದೂ ಹೆಣ್ಣೇ. ತಾಯಿಯಿಲ್ಲದ ಹುಡುಗಿ, ಹಾಗಾಗಿ ಆಸ್ಪತ್ರೆಯಿಂದ ನೇರ ಗಂಡನ ಮನೆಗೇ ಬಂದಳು. ಗಂಡ ಲಾರಿ ಡ್ರೈವರ್. ದೂರದ ಬಾಡಿಗೆಗೆ ಹೋದವನು ಇನ್ನೂ ಮಗುವಿನ ಮುಖ ನೋಡಿರಲಿಲ್ಲ. ಮೂರನೇ ದಿನ ಮಗುವನ್ನು ಮನೆಗೆ ತಂದು ಮಲಗಿಸಿದ್ದೇ ತಡ, ಅತ್ತೆ ಶುರುಮಾಡಿದರು.

"ನೋಡ್ರೇ, ನೋಡಿ! ಚಿನ್ನದ ಬಣ್ಣ! ನಮ್ಮಮ್ಮ ಹೀಗೇ ಇದ್ದದ್ದು. ಈ ಮನೆಗೆ ನಮ್ಮ ಕಡೆಯ ಬಣ್ಣ ಕಡೆಗೂ ಬಂತು."

ಹಿರಿಸೊಸೆಯ ಮಗಳು ಕುತೂಹಲ ತಡೆಯಲಾರದೆ ಮಗುವಿನ ಕೈ ಮುಟ್ಟಲು ಹೋದಳು.

"ಏಯ್ ಕಾಡಿಗೆ ಡಬ್ಬಿ, ದೂರ ನಿಲ್ಲೇ. ನಿನ್ನ ಬಣ್ಣ ಅಂಟೀತು!"

ನೋಡಲು ಬಂದಿದ್ದವರೆಲ್ಲ ನಕ್ಕರು. ಹುಡುಗಿಯೂ ನಕ್ಕಳು. ಹಿರಿಸೊಸೆ ನಗಲಿಲ್ಲ. ಅವಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ನನ್ನ ಮಗಳು ಡಬ್ಬಿ, ಇವಳ ಮಗಳು ಚಿನ್ನ! ಹೆತ್ತವರಿಗೆ ಹೆಗ್ಗಣವೂ ಮುದ್ದು ಅಂತಾರೆ, ಸರಿ. ಅಜ್ಜಿಗೆ ಒಂದು ಮೊಮ್ಮಗು ಮುದ್ದು, ಇನ್ನೊಂದು ಹೆಗ್ಗಣ, ಇದು ಯಾವ ನ್ಯಾಯ? ಹಾಗೆಂದು ಬಾಯಿ ಬಿಟ್ಟು ಕೇಳುವಂತಿಲ್ಲ. ಅವಳು ಮಗಳ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು.

ಬಾಣಂತಿಗೆ ಗಾಳಿ ತಗಲಬಾರದೆಂದು ಅತ್ತೆ ಆ ಕೋಣೆಯ ಕಿಟಕಿ ಮುಚ್ಚಿಸಿ, ದಪ್ಪ ಪರದೆ ಎಳೆಸಿದ್ದರು. ಹಗಲಲ್ಲೂ ಹಳೆಯ ಹಳದಿ ಬಲ್ಬು ಉರಿಯುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಹಿರಿಸೊಸೆ ಕೆಲಸಕ್ಕೆ ಹೊರಟಾಗ ಆ ಕೋಣೆಯಿಂದ ಕಿರಿಸೊಸೆ ಕರೆದಳು.

"ಅಕ್ಕಾ, ಮಗುದೊಂದು ಫೋಟೋ ತೆಗೆದಿದೀನಿ. ಚೆನ್ನಾಗಿ ಬಂದಿಲ್ಲ. ಇವರಿಗೆ ಕಳಿಸಬೇಕು. ಆ ಬ್ಯಾಂಕಿನವರ ಮಗುನ ಚಂದ್ರನ ಮೇಲೆ ಮಲಗಿಸಿ ಕೊಟ್ಟಿದ್ರಲ್ಲ, ಹಾಗೆ ಮಾಡಿಕೊಡ್ತೀರಾ?"

"ಚಿನ್ನಕ್ಕೆ ಪಾಲಿಶ್ ಬೇರೆ ಬೇಕಾ?" ಎಂದಳು ಹಿರಿಸೊಸೆ.

ಕಿರಿಯವಳು ತಮಾಷೆ ಎಂದುಕೊಂಡು ನಕ್ಕು, ಫೋಟೋ ಕಳಿಸಿಯೇಬಿಟ್ಟಳು.

ಸ್ಟುಡಿಯೋದ ಒಳಕೋಣೆಯಲ್ಲಿ ಹಿರಿಸೊಸೆ ಆ ಫೋಟೋ ತೆರೆದಳು. ಏನೂ ವಿಶೇಷವಿರಲಿಲ್ಲ. ಆಸ್ಪತ್ರೆಯಿಂದ ತಂದ ಬಿಳಿ ಟವೆಲ್ಲಿನ ಮೇಲೆ ನಿದ್ದೆಹೋದ ಮಗು, ಪಕ್ಕದಲ್ಲಿ ಅರ್ಧ ಕಾಣುವ ನೀರಿನ ಲೋಟ, ಮೂಲೆಯಲ್ಲಿ ಯಾರದೋ ಹೆಬ್ಬೆರಳು. ಬಲ್ಬಿನ ಬೆಳಕಿಗೆ ಗೋಡೆಯೂ ಹಳದಿ, ಟವೆಲ್ಲೂ ಹಳದಿ, ಮಗುವೂ ಹಳದಿ.

ಇಂಥ ಫೋಟೋ ದಿನಕ್ಕೆ ಹತ್ತು ಬರುತ್ತವೆ, ಅದಕ್ಕೆ ಮದ್ದೂ ಇದೆ. ಚಿತ್ರದಲ್ಲಿ ಬೆಳ್ಳಗಿರಬೇಕಾದ ವಸ್ತು ಯಾವುದೆಂದು ಕಂಪ್ಯೂಟರಿಗೆ ಒಂದು ಸಲ ತೋರಿಸಿಕೊಟ್ಟರೆ ಸಾಕು. ಬಲ್ಬಿನ ಹಳದಿ ಎಷ್ಟೆಂದು ಅದೇ ಅಳೆದು, ಅಷ್ಟನ್ನೂ ಇಡೀ ಚಿತ್ರದಿಂದ ತೆಗೆದುಹಾಕುತ್ತದೆ. ಅವಳು ಟವೆಲ್ಲಿನ ಮೇಲೆ ಒತ್ತಿದಳು. ಟವೆಲ್ ಬೆಳ್ಳಗಾಯಿತು. ಗೋಡೆ ಸುಣ್ಣದ ಬಣ್ಣಕ್ಕೆ ಬಂತು. ಮೂಲೆಯ ಹೆಬ್ಬೆರಳೂ ಮನುಷ್ಯರ ಬೆರಳಿನ ಬಣ್ಣಕ್ಕೆ ಬಂತು. ಮಗು ಮಾತ್ರ ಹಳದಿಯಾಗಿಯೇ ಉಳಿಯಿತು.

"ಓಹೋ, ಅತ್ತೆಯ ಚಿನ್ನ ಅಂದ್ರೆ ಇದೇನಾ!" ಎಂದು ಅವಳು ಮೂಗು ಮುರಿದಳು. ಅಲ್ಲೇ ನಿಂತು ಒಂದು ನಿಮಿಷ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಹೊಟ್ಟೆಯಲ್ಲಿ ಕಿಚ್ಚಿದ್ದಾಗ ತಲೆ ಎಲ್ಲಿ ಓಡುತ್ತದೆ ಹೇಳಿ?

ಮಗುವನ್ನಷ್ಟೇ ಬೇರೆ ಮಾಡಿಕೊಂಡು ಕೂತಳು. ಹಳದಿ ಇಳಿಸಿದಳು, ಕೆಂಪು ಏರಿಸಿದಳು. ಕೆನ್ನೆಗೆ ಗುಲಾಬಿ ಬಣ್ಣ ಬಂತು. ಅರೆತೆರೆದ ಕಣ್ಣಿನ ಸಂದಿಯಲ್ಲಿ ಕಂಡ ಹಳದಿಯನ್ನೂ ಬಿಡದೆ ಬಿಳಿ ಮಾಡಿದಳು. ಲೋಟ ಹೋಯಿತು, ಹೆಬ್ಬೆರಳು ಹೋಯಿತು, ಮಂಚ ಹೋಯಿತು. ಅವುಗಳ ಜಾಗದಲ್ಲಿ ನೀಲಿ ಆಕಾಶ, ಹತ್ತಿಯಂಥ ಮೋಡ, ಅರ್ಧಚಂದ್ರ. ಅದರ ಬಾಗಿನಲ್ಲಿ ಮಗು ಹಾಯಾಗಿ ಮಲಗಿತ್ತು. ಹೊಟ್ಟೆಕಿಚ್ಚಿನವರು ಕೆಲಸ ಕೆಡಿಸುತ್ತಾರೆ ಎಂದುಕೊಳ್ಳಬೇಡಿ. ಅವಳು ಎಂದಿಗಿಂತ ಚೆನ್ನಾಗಿ ಮಾಡಿದಳು. ಮಗುವಿಗೆ ಬರುವ ಹೊಗಳಿಕೆಯಲ್ಲಿ ಅರ್ಧವಾದರೂ ತನಗೆ ಬರಲಿ ಎಂಬ ಆಸೆ ಅವಳದು.

ಸಂಜೆಯೊಳಗೆ ಫೋಟೋ ನೆಂಟರ ಫೋನುಗಳಲ್ಲೆಲ್ಲ ಓಡಾಡಿತು. "ಅಬ್ಬಾ, ಎಂಥಾ ಬಣ್ಣ!" "ದೃಷ್ಟಿ ತೆಗೀರಿ!" ಎಂದು ಒಬ್ಬರಾದ ಮೇಲೊಬ್ಬರು ಬರೆದರು. ಲಾರಿಯಲ್ಲಿದ್ದ ಅಪ್ಪ ಫೋನ್ ಮಾಡಿ ಅತ್ತೇಬಿಟ್ಟ. ಯಾರೋ, "ಇಷ್ಟು ಚಂದ ಎಡಿಟ್ ಮಾಡಿದವರು ಯಾರು?" ಎಂದು ಕೇಳಿದರು. ಹಿರಿಸೊಸೆ ಫೋನ್ ಹಿಡಿದು ಕಾದಳು. ಕಿರಿಸೊಸೆಯ ಉತ್ತರ ಬಂತು:

"ಚಂದ್ರ, ಮೋಡ ಮಾತ್ರ ನಮ್ಮಕ್ಕ ಹಾಕಿದ್ದು. ಬಣ್ಣ ಮಗುದೇ!"

ಮಗುದೇ ಅಂತೆ! ಎರಡು ಗಂಟೆ ಕಣ್ಣು ಕೀಲಿಸಿ ಬಳಿದ ಬಣ್ಣ! ಹಿರಿಸೊಸೆಗೆ ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಮರುದಿನ, ಅಂದರೆ ಐದನೇ ದಿನ, ಆರೋಗ್ಯ ಕೇಂದ್ರದ ನರ್ಸಮ್ಮ ಮನೆಗೆ ಬಂದು ಬಾಣಂತಿಯನ್ನೂ ಮಗುವನ್ನೂ ನೋಡಬೇಕಿತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಒರೆಸುತ್ತ ಹೇಳಿದರು: "ನರ್ಸಮ್ಮ ಇವತ್ತು ಬರಲ್ಲ. ಫೋನ್ ಮಾಡಿದ್ರು, ಮಗು ಹಳದಿ ಏನಾದ್ರೂ ಆಗಿದೆಯಾ ಅಂತ. ಇವಳು ಫೋಟೋ ಕಳಿಸಿದಳು ನೋಡು, ಬಾಯಿ ಮುಚ್ಚಿಹೋಯ್ತು. ಚೆನ್ನಾಗಿದೆಯಲ್ಲ, ಹಾಗಾದ್ರೆ ಇನ್ನು ಮೂರು ದಿನ ಬಿಟ್ಟು ಬರ್ತೀನಿ ಅಂದ್ರು."

"ಯಾವ ಫೋಟೋ ಅತ್ತೆ?"

"ಚಂದ್ರನ ಮೇಲಿಂದು, ಇನ್ಯಾವುದು? ಎಷ್ಟು ಸಾಧು ಅಂತೀಯ ನಮ್ಮ ಚಿನ್ನ! ಅಳೋದೇ ಇಲ್ಲ. ಹಾಲಿಗೂ ಹಟ ಇಲ್ಲ, ಎಬ್ಬಿಸಿದ್ರೂ ಏಳಲ್ಲ, ನಿದ್ದೆ ನಿದ್ದೆ. ನಿನ್ನ ಮಗಳು ಇಷ್ಟು ದಿನಕ್ಕೆ ಮನೆ ಹಂಚೇ ಹಾರಿಸಿದ್ದಳು."

ಹಿರಿಸೊಸೆ ತುಟಿ ಕಚ್ಚಿಕೊಂಡು ಚಪ್ಪಲಿ ಮೆಟ್ಟಿದಳು. ಅವಳಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಸ್ಟುಡಿಯೋದಲ್ಲಿ ಒಬ್ಬ ಬಡಗಿ ಕಾದಿದ್ದ. ಮನೆಯಲ್ಲಿ ಬಲ್ಬಿನಡಿ ತೆಗೆದ ಫೋಟೋ ತಂದಿದ್ದ, ಗುರುತಿನ ಚೀಟಿಗೆ ಸರಿಮಾಡಿಕೊಡಿ ಎಂದ. ಎಲ್ಲವೂ ಹಳದಿ. ಅವಳು ಅವನ ಬಿಳಿ ಅಂಗಿಯ ಮೇಲೆ ಒತ್ತಿದಳು. ಅಂಗಿ ಬೆಳ್ಳಗಾಯಿತು, ಜೊತೆಗೇ ಅವನ ಮುಖವೂ ತನ್ನ ಬಣ್ಣಕ್ಕೆ ಬಂತು. ಅವಳ ಕೈ ಅಲ್ಲೇ ನಿಂತಿತು.

ಬಲ್ಬಿನ ಹಳದಿಯಾದರೆ ಎಲ್ಲದರ ಮೇಲಿಂದಲೂ ಹೋಗಬೇಕು. ಟವೆಲ್ಲಿಂದ ಹೋಯಿತು, ಬೆರಳಿಂದ ಹೋಯಿತು, ಮಗುವಿನಿಂದ ಮಾತ್ರ ಹೋಗಲಿಲ್ಲ. ಅಂದರೆ ಅದು ಬೆಳಕಿನ ಬಣ್ಣವಲ್ಲ, ಮಗುವಿನ ಮೈಯದೇ. ನರ್ಸಮ್ಮ ಕೇಳಿದ್ದೂ ಅದನ್ನೇ. ಹಾಲು ಕುಡಿಯುತ್ತಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ ಎಂದು ಅತ್ತೆ ಬೆಳಿಗ್ಗೆ ಹೊಗಳಿದ್ದು ಈಗ ನೆನಪಾಯಿತು. ಎದೆ ಧಸಕ್ಕೆಂದಿತು.

ಇರುವುದನ್ನು ಇದ್ದಹಾಗೆ ಹೇಳಿಬಿಡುತ್ತೇನೆ. ಎದೆ ಧಸಕ್ಕೆನ್ನುವ ಮೊದಲು ಒಂದು ಕ್ಷಣ ಅವಳಿಗೆ ಖುಷಿಯಾಗಿತ್ತು. 'ಚಿನ್ನವಂತೆ ಚಿನ್ನ! ಕಾಮಾಲೆ!' ಎಂದು ಮನಸ್ಸು ಕುಣಿದಿತ್ತು. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಐದು ದಿನದ ಕೂಸಿನ ಮೇಲೆ ಸೇಡೇ?

ಆದರೂ ಕಾಲು ಏಳಲಿಲ್ಲ. ಹೋಗಿ ಹೇಳಿದರೆ ಯಾರು ನಂಬುತ್ತಾರೆ? ಮೊದಲೇ ಇವಳ ಹೊಟ್ಟೆಕಿಚ್ಚು ಮನೆಮಂದಿಗೆಲ್ಲ ಗೊತ್ತು. ಇಷ್ಟಕ್ಕೂ ಆ ಹಳದಿ ಅಳಿಸಿದವರು ಯಾರು? ತಾನೇ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂರು ದಿನ ಬಿಟ್ಟು ನರ್ಸಮ್ಮ ಬಂದೇ ಬರುತ್ತಾರೆ. ಮೂರು ದಿನಕ್ಕೆ ಏನಾಗಿಬಿಡುತ್ತೆ?

ಏನಾಗಿಬಿಡುತ್ತದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಹೆದರಿಸಿತು. ತಿದ್ದುವ ಮೊದಲಿನ ಫೋಟೋವನ್ನು ತೆಗೆದಳು. ಬಲ್ಬಿನ ಹಳದಿಯನ್ನಷ್ಟೇ ಕಳೆದು, ಬೇರೇನೂ ಮುಟ್ಟದೆ, ದೊಡ್ಡದಾಗಿ ಪ್ರಿಂಟ್ ಹಾಕಿದಳು. "ಸರ್, ಮನೇಲಿ ಮಗುಗೆ ಹುಷಾರಿಲ್ಲ" ಎಂದು ಯಜಮಾನರಿಗೆ ಹೇಳಿ, ಆಟೋ ಹತ್ತಿದಳು.

ಕೋಣೆಯಲ್ಲಿ ಅತ್ತೆ ಬಟ್ಟೆ ಮಡಿಸುತ್ತಿದ್ದರು. ಕಿರಿಸೊಸೆ ಮಗುವಿನ ಪಕ್ಕ ಒರಗಿದ್ದಳು. ಹಿರಿಸೊಸೆ ಪ್ರಿಂಟನ್ನು ಅವಳ ಮಡಿಲಿಗೆ ಇಟ್ಟಳು.

"ಇದು ನೀನು ತೆಗೆದ ಫೋಟೋ. ಬಲ್ಬಿನ ಬಣ್ಣ ತೆಗೆದಿದೀನಿ ಅಷ್ಟೇ. ಮೂಲೇಲಿ ಹೆಬ್ಬೆರಳಿದೆಯಲ್ಲ, ಯಾರದು?"

"ನಂದೇ ಅಕ್ಕಾ. ಟವೆಲ್ ಹಿಡಿದಿದ್ದೆ."

"ನಿನ್ನ ಬೆರಳು ನೋಡು, ನಿನ್ನ ಮಗುವಿನ ಕೈ ನೋಡು. ಒಂದೇ ಬೆಳಕು, ಒಂದೇ ಟವೆಲ್. ಮಗು ಯಾಕೆ ಅಷ್ಟು ಹಳದಿ?"

ಕಿರಿಸೊಸೆ ಮುಖ ಗಂಟಿಕ್ಕಿದಳು. "ಮತ್ತೆ ನಿನ್ನೆ ಫೋಟೋದಲ್ಲಿ..."

"ನಿನ್ನೆ ಫೋಟೋದಲ್ಲಿದ್ದ ಬಣ್ಣ ನಾನು ಬಳಿದದ್ದು. ಚಂದ್ರ ಎಷ್ಟು ನಿಜಾನೋ ಆ ಕೆನ್ನೆನೂ ಅಷ್ಟೇ ನಿಜ. ಮಗುಗೆ ಕಾಮಾಲೆ ಇದ್ದ ಹಾಗಿದೆ. ನರ್ಸಮ್ಮನ್ನ ಈಗಲೇ ಕರೆಸು."

ಅತ್ತೆ ಬಟ್ಟೆ ಎಸೆದು ಎದ್ದರು. "ಬಂದಳಪ್ಪ! ಮಗು ಹೊಗಳಿಸಿಕೊಂಡಿದ್ದು ಎರಡು ದಿನ ತಡೆಯೋಕಾಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಹಿರಿಯರು ಸುಮ್ಮನೆ ಹೇಳಿದ್ರಾ?"

"ನಿಮಗೆ ಹೊಟ್ಟೆಕಿಚ್ಚು ಅಕ್ಕಾ" ಎಂದಳು ಕಿರಿಸೊಸೆ. "ಮಗು ಬಂದ ದಿನದಿಂದ ನೋಡ್ತಿದೀನಿ."

ಬೇರೆ ದಿನವಾಗಿದ್ದರೆ ಹಿರಿಸೊಸೆ ರಣರಂಗವನ್ನೇ ಮಾಡುತ್ತಿದ್ದಳು. ಅವಳು ಮಂಚದ ಅಂಚಿಗೆ ಕೂತಳು.

"ಹೌದು ಕಣೇ, ಹೊಟ್ಟೆಕಿಚ್ಚೇ. ನನ್ನ ಮಗಳಿಗೆ ಒಂದು ಒಳ್ಳೆ ಮಾತು ಆಡದ ಮನೇಲಿ ನಿನ್ನ ಮಗಳು ಚಿನ್ನ ಆದಳಲ್ಲ, ಹೊಟ್ಟೆ ಉರೀತು. ಈಗಲೂ ಉರೀತಿದೆ. ಬೈಕೋ, ಹೊಡಿ ಬೇಕಾದ್ರೆ. ಆದರೆ ಮೊದಲು ಮಗುನ ಎತ್ಕೊಂಡು ಕಿಟಕಿ ಹತ್ರ ಬಾ. ಫೋಟೋನೂ ನಂಬಬೇಡ, ನನ್ನನ್ನೂ ನಂಬಬೇಡ. ನಿನ್ನ ಕಣ್ಣಲ್ಲಿ ನೋಡು."

ಕಿರಿಸೊಸೆ ಪ್ರಿಂಟಿನಲ್ಲಿದ್ದ ತನ್ನ ಬೆರಳನ್ನೂ ಮಗುವಿನ ಕೈಯನ್ನೂ ಮತ್ತೊಮ್ಮೆ ನೋಡಿದಳು. ಆಮೇಲೆ ಮಗುವನ್ನೆತ್ತಿಕೊಂಡು ಎದ್ದಳು. "ಗಾಳಿ ಬಡಿಯುತ್ತೆ ಕಣೇ" ಎಂದು ಅತ್ತೆ ಕೂಗುತ್ತಿದ್ದಂತೆಯೇ ಪರದೆ ಸರಿಸಿದಳು.

ಹಗಲ ಬೆಳಕು ಮಗುವಿನ ಮೇಲೆ ಬಿತ್ತು. ಹಣೆ ಹಳದಿ, ಎದೆ ಹಳದಿ, ಬಟ್ಟೆ ಬಿಚ್ಚಿದರೆ ಹೊಟ್ಟೆ, ತೊಡೆ, ಅಂಗಾಲು ಎಲ್ಲವೂ ಹಳದಿ. ಕಿರಿಸೊಸೆ ಫೋನಿಗೆ ಕೈ ಹಾಕಿದಳು.

ನರ್ಸಮ್ಮ ಇಪ್ಪತ್ತು ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದರು. ಕೈ ತೊಳೆದು, ಮಗುವಿನ ಹಣೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರು. ಒತ್ತಿದ ಜಾಗ ಹಳದಿಯಾಗಿ ಕಂಡಿತು. ಎದೆಯಲ್ಲೂ ಹಾಗೇ, ಪಾದದಲ್ಲೂ ಹಾಗೇ. ಕಣ್ಣಿನ ಬಿಳಿಭಾಗ ನೋಡಿದರು, ಒಸಡು ನೋಡಿದರು.

"ನಿನ್ನೆಯಿಂದ ಎಷ್ಟು ಬಟ್ಟೆ ಒದ್ದೆ ಮಾಡಿದೆ?"

"ಎರಡು."

"ಹಾಲು?"

"ಬಾಯಿಗಿಟ್ಟರೆ ಹಾಗೇ ನಿದ್ದೆ ಹೋಗುತ್ತೆ. ಸಾಧು ಮಗು ಅಂದುಕೊಂಡ್ವಿ."

"ಸಾಧು ಅಲ್ಲಮ್ಮ, ಸುಸ್ತು. ಈಗಲೇ ಆಸ್ಪತ್ರೆಗೆ ಹೊರಡಿ."

ಅತ್ತೆ ಇನ್ನೂ ಒಪ್ಪಿರಲಿಲ್ಲ. "ಹುಟ್ಟಿದ ಮಕ್ಕಳಿಗೆ ಸ್ವಲ್ಪ ಹಳದಿ ಇದ್ದೇ ಇರುತ್ತಲ್ಲ ನರ್ಸಮ್ಮ? ಬೆಳಗಿನ ಬಿಸಿಲಿಗೆ ಹಿಡಿದ್ರೆ ಸಾಲದಾ?"

"ನೀವು ಹೇಳೋದು ಅರ್ಧ ಸರಿ ಅಜ್ಜಿ. ತುಂಬಾ ಮಕ್ಕಳಿಗೆ ಸ್ವಲ್ಪ ಹಳದಿ ಬರುತ್ತೆ, ತಾನಾಗೇ ಹೋಗುತ್ತೆ. ಆದರೆ ಹುಟ್ಟಿದ ಮೊದಲ ದಿನವೇ ಬಂದ್ರೆ, ಕಾಲಿನವರೆಗೆ ಇಳಿದ್ರೆ, ಮಗು ಹಾಲು ಬಿಟ್ಟು ಮಂಕಾದ್ರೆ ಕಾಯಬಾರದು. ಹಳದಿ ತಲೆಗೇರಿದ್ರೆ ಮಿದುಳಿಗೆ ಪೆಟ್ಟು, ಕಿವಿಗೆ ಪೆಟ್ಟು, ಜೀವಕ್ಕೂ ಅಪಾಯ. ಅದಕ್ಕೆ ಬಿಸಿಲು ಮದ್ದಲ್ಲ. ಆಸ್ಪತ್ರೇಲಿ ರಕ್ತ ನೋಡಿ, ಬೇಕಾದ್ರೆ ನೀಲಿ ದೀಪದ ಕೆಳಗೆ ಮಲಗಿಸ್ತಾರೆ."

"ಬಣ್ಣ ಅಂದುಕೊಂಡೆನಲ್ಲಮ್ಮ..." ಅತ್ತೆಯ ದನಿ ಮೊದಲ ಸಲ ಇಳಿಯಿತು.

"ಮಗು ಬಿಳಿ ಇರಲಿ, ಕಪ್ಪಿರಲಿ, ಹಳದಿ ಯಾರ ಮನೆತನದ ಬಣ್ಣವೂ ಅಲ್ಲ ಅಜ್ಜಿ. ಕಪ್ಪು ಮಕ್ಕಳಲ್ಲಿ ಮೈ ನೋಡಿದ್ರೆ ಬೇಗ ಗೊತ್ತಾಗಲ್ಲ, ಕಣ್ಣು, ಒಸಡು, ಅಂಗಾಲು ನೋಡಬೇಕು." ನರ್ಸಮ್ಮ ಚೀಲ ಹೆಗಲಿಗೇರಿಸಿದರು. "ನನ್ನದೂ ತಪ್ಪಿದೆ. ಫೋಟೋ ನೋಡಿ ಬರೋದನ್ನ ಮುಂದಕ್ಕೆ ಹಾಕಿದೆ. ಇನ್ನು ಹಾಗೆ ಮಾಡಲ್ಲ. ನೀವು ತಿದ್ದದಿದ್ರೂ ಈಗಿನ ಫೋನುಗಳು ತಾವೇ ಮುಖ ಬೆಳ್ಳಗೆ ಮಾಡಿಬಿಡ್ತಾವೆ."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. "ಇನ್ನೊಂದೆರಡು ದಿನ ತಡವಾಗಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ" ಎಂದು ಡಾಕ್ಟರು ಹೇಳಿದರು. ಮೂರನೇ ದಿನ ಮಗು ಕಿರುಚಿ ಅತ್ತಿತು. ಇಡೀ ವಾರ್ಡಿಗೆ ಕೇಳುವಂತೆ ಅತ್ತಿತು, ಅತ್ತುಕೊಂಡೇ ಹಾಲು ಕುಡಿಯಿತು. ಆ ಅಳುವನ್ನು ಕೇಳಿ ಅತ್ತೆ, ಸೊಸೆಯರು ಮೂವರೂ ನಕ್ಕರು.

ಹಿರಿಸೊಸೆಯ ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳುತ್ತೀರಾ? ಎಲ್ಲಿ ಹೋಗುತ್ತೆ? ಮಗುವನ್ನು ನೋಡಲು ನೆಂಟರು ಸಾಲುಗಟ್ಟಿ ಬಂದಾಗ ಅವಳಿಗೆ ಮತ್ತೆ ಚುರುಕ್ಕೆಂದಿತು. ಅವಳು ಎದ್ದು ವಾರ್ಡಿನ ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಕಿರಿಸೊಸೆ ಮೆಲ್ಲಗೆ ನಡೆದು ಬಂದು ಪಕ್ಕದಲ್ಲಿ ಕೂತಳು.

"ಅವತ್ತು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ ಅಕ್ಕಾ."

"ಸುಳ್ಳೇನೂ ಹೇಳಲಿಲ್ಲ ಬಿಡು."

"ಅದಕ್ಕೇ ಹೇಳ್ತಿದೀನಿ. ನೂರು ಜನ ಫೋಟೋ ನೋಡಿ ಹೊಗಳಿದ್ರು. ನಾನೂ ಹೊಗಳಿಕೆ ಓದ್ತಾ ಫೋನ್ ನೋಡ್ತಿದ್ದೆ, ಪಕ್ಕದಲ್ಲಿದ್ದ ಮಗುನ ನೋಡಲಿಲ್ಲ. ಹೊಟ್ಟೆ ಉರ್ಕೊಂಡವರು ನೀವೊಬ್ಬರೇ, ಮಗುನ ಸರಿಯಾಗಿ ನೋಡಿದವರೂ ನೀವೊಬ್ಬರೇ."

ಹಿರಿಸೊಸೆ ಅವಳ ಕೈ ಹಿಡಿದುಕೊಂಡಳು. ಅಳು ಬಂತು, ಅತ್ತಳು.

ತಾಯಂದಿರೇ, ಅಜ್ಜಿಯರೇ, ಅಪ್ಪಂದಿರೇ, ಫೋಟೋ ತಿದ್ದುವುದು ತಪ್ಪಲ್ಲ. ಅದೊಂದು ಕಲೆ, ಸಂತೋಷ. ಹೂವು ಹಾಕಿ, ರೆಕ್ಕೆ ಕಟ್ಟಿ, ನೆಂಟರಿಗೆಲ್ಲ ಹಂಚಿ. ಆದರೆ ತಿದ್ದಿದ ಫೋಟೋವನ್ನು ಡಾಕ್ಟರಿಗೆ, ನರ್ಸಮ್ಮನಿಗೆ ಕಳಿಸಬೇಡಿ. ತಿದ್ದದ ಫೋಟೋವನ್ನೂ ನೆಚ್ಚಿ ಕೂರಬೇಡಿ. ಮಗುವನ್ನೇ ತೋರಿಸಿ. ಹುಟ್ಟಿದ ಮೊದಲ ವಾರ ದಿನಕ್ಕೊಮ್ಮೆ ಮಗುವಿನ ಬಟ್ಟೆ ಬಿಚ್ಚಿ, ಹಗಲ ಬೆಳಕಿನಲ್ಲಿ ಅಂಗಾಲಿನವರೆಗೆ ನೋಡಿ. ಹಳದಿ ಕಂಡರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ ಯಾರ ಅಪ್ಪಣೆಗೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಹೇಳಿದರೆ ಹೊಟ್ಟೆಕಿಚ್ಚು ಅಂದಾರು ಎಂದು ಬಾಯಿ ಕಟ್ಟಿಕೊಂಡು ಕೂತವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನಿಮಗೂ ಒಂದು ಮಾತು. ಅಂದರೆ ಅನ್ನಲಿ. ಹೋಗಿ ಹೇಳಿ. ಇವತ್ತೇ ಹೇಳಿ.